ದಾಳಿಂಬೆ ತಿಂದ ಬಾಯಿ

ಬಾಳೆಹಣ್ಣು ಬಹಳ ಸಂಭಾವಿತ. ಸಿಪ್ಪೆ ಹಿಡಿದೆಳೆದರೆ ಸಾಕು, ಮರುಮಾತಿಲ್ಲದೆ ಬಾಯಿಗೆ ಬರುತ್ತದೆ. ಪೇರಲಕ್ಕೆ ಹಲ್ಲು ಗಟ್ಟಿಯಿದ್ದರಾಯಿತು. ದಾಳಿಂಬೆ ಹಾಗಲ್ಲ ನೋಡಿ. ಅದನ್ನು ತಿನ್ನಲು ಬಿಡುವಾದ ಒಂದು ಮಧ್ಯಾಹ್ನ ಬೇಕು, ಹೋದರೆ ಹೋಗಲಿ ಎನ್ನುವಂಥ ಹಳೆಯ ಬಟ್ಟೆ ಬೇಕು, ಎದುರಿಗೆ ಕುಳಿತು ‘ನನಗೊಂದೀಟು’ ಎಂದು ಅಂಗೈ ಚಾಚುವವರು ಒಬ್ಬರಾದರೂ ಬೇಕು. ಹೆಸರಿನಲ್ಲೇ ದಾಳಿಯನ್ನು ಇಟ್ಟುಕೊಂಡ ಈ ಹಣ್ಣು ಮೊದಲು ದಾಳಿಯಿಡುವುದು ತಿನ್ನುವವರ ಅಂಗಿಯ ಮೇಲೆ. ನಮ್ಮ ಮನೆಯಲ್ಲಿ ಮಾತ್ರ ಅದು ದಾಳಿಯಿಟ್ಟದ್ದು ನನ್ನ ಮದುವೆಯ ಮೇಲೆ.

ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ಅಪ್ಪ ಮಗ್ಗಕ್ಕೆ ಕುಳಿತರೆಂದರೆ ಲಾಳಿಯ ಸದ್ದು ಬೀದಿಯ ತುದಿಗೂ ಕೇಳುತ್ತಿತ್ತು. ಕೈಯಲ್ಲಿ ಮೊಬೈಲು ಹಿಡಿಯುವುದು ಇನ್ನೂ ದೊಡ್ಡಸ್ತಿಕೆಯಾಗಿದ್ದ ಕಾಲವದು. ಆ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಲಾಳಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಓಡಿ ಬಂದು ನೋಡಿದರೆ ಅಪ್ಪ ಕಂಬಕ್ಕೆ ಒರಗಿ, “ಮನಿ ಗರಗರ ತಿರಗಾಕ ಹತ್ತೇತಿ, ಯಾರರ ಹಿಡೀರಿ” ಎನ್ನುತ್ತಿದ್ದರು. ಮನೆಯನ್ನು ಹಿಡಿಯಬೇಕೋ ಅಪ್ಪನನ್ನು ಹಿಡಿಯಬೇಕೋ ತಿಳಿಯದೆ ಅವ್ವ ಎರಡನ್ನೂ ಹಿಡಿದಳು.

ರೋಣದ ದವಾಖಾನೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರಮ್ಮ, ಎಲ್ಲರ ಬಾಯಲ್ಲಿ ಡಾಕ್ಟರ್ ಬಾಯಾರು, ರಕ್ತ ಪರೀಕ್ಷಿಸಿ, ಅಪ್ಪನ ಕಣ್ಣರೆಪ್ಪೆ ಎಳೆದು ನೋಡಿ, ಸ್ಪಷ್ಟವಾಗಿ ಹೇಳಿದರು: “ರಕ್ತ ಕಡಿಮಿ ಆಗೇತ್ರಿ. ಈ ಗುಳಿಗಿ ತಪ್ಪದಂಗ ತಗೋರಿ. ತಪ್ಪಲಪಲ್ಯಾ, ಕಾಳು ತಿನ್ರಿ. ದಾಳಿಂಬ್ರಿನೂ ಚಲೋನ, ಹೊಟ್ಟಿಗೂ ಹಿತ, ಬಾಯಿಗೂ ರುಚಿ. ಆದ್ರ ಬರೇ ಹಣ್ಣಿಂದ ರಕ್ತ ಏರೂದಿಲ್ಲ, ಮತ್ತ.”

ಇಷ್ಟೆಲ್ಲದರಲ್ಲಿ ಅಪ್ಪನ ಕಿವಿಗೆ ಇಳಿದದ್ದು ಒಂದೇ ಶಬ್ದ. ಹೊಟ್ಟೆ ತೊಳಸುತ್ತವೆಂದು ಗುಳಿಗೆಗಳು ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕದಲ್ಲಿ ಪೂಜೆಗೆ ಕುಳಿತವು. ದಾಳಿಂಬೆ ಮಾತ್ರ ದಿನವೂ ಮನೆಗೆ ಬರತೊಡಗಿತು. ನಾನು ಗುಳಿಗೆಯ ನೆನಪು ಮಾಡಿದರೆ ಅಪ್ಪ ನೇಕಾರರ ತರ್ಕವನ್ನು ಮುಂದಿಡುತ್ತಿದ್ದರು: “ಬಿಳಿ ನೂಲು ಕೆಂಪ ಬಣ್ಣದಾಗ ಎದ್ದಿದ್ರ ಕೆಂಪ ಆಗತೈತೋ ಇಲ್ಲೋ? ರಕ್ತಾನೂ ಹಂಗ.” ಬಣ್ಣದ ಬಾನಿಗೂ ಹೊಟ್ಟೆಗೂ ವ್ಯತ್ಯಾಸವೇ ಕಾಣದವರಿಗೆ ಏನು ಹೇಳುತ್ತೀರಿ?

ಆದರೆ ಅವರು ಹಣ್ಣು ಬಿಡಿಸುವ ಚೆಂದ ನೋಡಬೇಕಿತ್ತು. ಊಟವಾದ ಮೇಲೆ ಪಡಸಾಲೆಯ ಬಾಗಿಲ ಬೆಳಕಿಗೆ ಕುಳಿತು, ತೊಟ್ಟಿನ ಕಡೆ ಉಗುರಿನಿಂದ ಗೀರಿ, ಹಣ್ಣಿಗೆ ನೋವಾಗದಂತೆ ಬಿಚ್ಚಿ, ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವ ಅದೇ ಬೆರಳುಗಳಿಂದ ಕಾಳುಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದರು. ತಾಟಿನಲ್ಲಿ ಕೆಂಪು ಗುಡ್ಡೆ ಏಳುತ್ತಿತ್ತು. ಒಂದು ಮುಷ್ಟಿ ಬಾಯಿಗೆ ಹಾಕಿ ಕಣ್ಣುಮುಚ್ಚಿ ಜಗಿದಾಗ ಆ ಸಿಹಿ, ಅದರ ಹಿಂದೆಯೇ ಬರುವ ಒಗರು, ಹಲ್ಲಿನಡಿಯಲ್ಲಿ ಪಟಪಟ ಒಡೆಯುವ ಕಾಳಿನ ಸದ್ದು ಎಲ್ಲ ಸೇರಿ ಅಪ್ಪನ ಮುಖದಲ್ಲಿ ಯಾವ ಗುಳಿಗೆಯೂ ತರಲಾರದ ಒಂದು ಕಳೆ ಮೂಡುತ್ತಿತ್ತು. ರಸ ಹೀರಿ ಉಳಿದ ಬೀಜವನ್ನು ಅವರು ನುಂಗುತ್ತಿರಲಿಲ್ಲ. ಅಂಗಳಕ್ಕೆ ಉಗುಳುವಂತೆಯೂ ಇರಲಿಲ್ಲ, ಅಲ್ಲಿ ನೂಲು ಒಣಗುತ್ತಿತ್ತು, ಅವ್ವ ಕೋಲು ಹಿಡಿದು ನಿಲ್ಲುತ್ತಿದ್ದಳು. ಹೀಗಾಗಿ ಬೀಜವೆಲ್ಲ ಅಪ್ಪನ ಹೆಗಲ ಮೇಲಿನ ಬಿಳಿ ವಸ್ತ್ರದೊಳಗೆ ಹೋಗುತ್ತಿತ್ತು.

ಅಂಥದೊಂದು ಮಧ್ಯಾಹ್ನ ನರಗುಂದದಿಂದ ನನ್ನನ್ನು ನೋಡಲು ಬೀಗರು ಬಂದರು. ಸಂಜೆಗೆ ಬರಬೇಕಾದವರು ಬೇಗ ಬಸ್ಸು ಸಿಕ್ಕಿತೆಂದು ಊಟ ಮುಗಿಯುವ ಹೊತ್ತಿಗೇ ಬಾಗಿಲಲ್ಲಿ ನಿಂತಿದ್ದರು. ಹುಡುಗ, ಅವನ ತಂದೆ, ಮತ್ತು ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಸೋದರತ್ತೆ. ಹುಡುಗನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ. ತೀರ್ಮಾನವೆಲ್ಲ ಅತ್ತೆಯದು ಎಂಬುದು ಆಕೆ ಚಪ್ಪಲಿ ಬಿಟ್ಟ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅಪ್ಪನ ಬಾಯಿ ತುಂಬ ದಾಳಿಂಬೆಯಿತ್ತು. ಗಡಬಡಿಸಿ ‘ಬರ್ರಿ’ ಎನ್ನಹೋದರು, ಕಾಳೊಂದು ಗಂಟಲಲ್ಲಿ ಅಡ್ಡ ಹೋಯಿತು. ಕೆಮ್ಮಿದರು ನೋಡಿ, ಎರಡು ಮನೆಯಾಚೆಯ ನಾಯಿ ಎದ್ದು ಬೊಗಳುವಂತೆ ಕೆಮ್ಮಿದರು. ವಸ್ತ್ರವನ್ನು ಬಾಯಿಗೆ ಒತ್ತಿದರು. ತೆಗೆದಾಗ ವಸ್ತ್ರ ಕೆಂಪು, ತುಟಿ ಕೆಂಪು, ಮೀಸೆಯ ತುದಿಯೂ ಕೆಂಪು. ಬೀಗರೆದುರು ಎಂಜಲು ವಸ್ತ್ರ ಹಿಡಿದು ಕೂರುವುದು ಅಪಮಾನವೆನ್ನಿಸಿ ಅದನ್ನು ಸರಕ್ಕನೆ ತೊಡೆಯ ಕೆಳಗೆ ಅಡಗಿಸಿದರು. ಇಷ್ಟನ್ನೂ ಅತ್ತೆ ನೋಡಿದರು.

ನಾನು ಚಹಾ ಕೊಟ್ಟು ಕುಳಿತಾಗ ಪಡಸಾಲೆಯಲ್ಲಿ ನನ್ನ ಹೊಸ ಸೀರೆ ಸರಭರ ಎನ್ನುವುದಷ್ಟೇ ಕೇಳಿಸುತ್ತಿತ್ತು. ಅತ್ತೆ ನನ್ನನ್ನು ನೋಡಲಿಲ್ಲ, ಅಪ್ಪನ ತೊಡೆಯನ್ನೇ ನೋಡುತ್ತಿದ್ದರು.

“ಯಜಮಾನರ ತಬ್ಬೇತಿ ಹ್ಯಾಂಗ ಐತ್ರಿ?” ಎಂದರು.

ಹೆಣ್ಣಿನ ಮನೆಯಲ್ಲಿ ಯಾರಿಗಾದರೂ ಬೇನೆಯಿದೆ ಎಂದು ತಿಳಿದರೆ ಸಂಬಂಧ ನಿಲ್ಲುವುದಿಲ್ಲ ಎಂಬ ಅಂಜಿಕೆಯಲ್ಲಿ ಅವ್ವ, “ಅವರಿಗೇನ ಧಾಡಿರಿ! ಕಲ್ಲ ಇದ್ದಂಗ ಅದಾರ” ಎಂದುಬಿಟ್ಟಳು. ಕಲ್ಲಿನಂಥ ಅಪ್ಪ ಆಗಲೇ ಮತ್ತೊಮ್ಮೆ ಕೆಮ್ಮಿದರು.

ಅತ್ತೆ ಅರ್ಧ ಕುಡಿದ ಚಹಾ ಕೆಳಗಿಟ್ಟು ಅಣ್ಣನತ್ತ ತಿರುಗಿದರು. “ಬಸ್ಸಿನ ಹೊತ್ತಾತು. ಏಳ್ರಿ, ಹೋಗೂಣು.” ಹುಡುಗನ ಕಿಸೆಯ ಮೊಬೈಲು ಆ ಗಳಿಗೆಗೇ ಜೋರಾಗಿ ಹಾಡತೊಡಗಿತು. ಅದನ್ನು ನಿಲ್ಲಿಸಲು ಬಾರದೆ ಅವನು ಕಿಸೆಯನ್ನೇ ಎರಡೂ ಕೈಯಿಂದ ಒತ್ತಿ ಹಿಡಿದು, ನನ್ನ ಕಡೆ ನೋಡಿ ನಾಚಿ ನಕ್ಕ. ನಿಮ್ಮಲ್ಲಿ ಮುಚ್ಚುಮರೆಯೇಕೆ, ಆ ನಗು ನನಗೆ ಹಿಡಿಸಿತು. ಈ ನಗು ಬಸ್ಸು ಹತ್ತಿ ಹೋಗಿಬಿಟ್ಟರೆ ಮತ್ತೆ ಬರುವುದಿಲ್ಲ ಎನ್ನಿಸಿತು.

ನೋಡಲು ಬಂದವರೆದುರು ಕನ್ಯೆ ತಲೆ ಎತ್ತಬಾರದು ಎಂದು ಅವ್ವ ವಾರವಿಡೀ ಪಾಠ ಹೇಳಿದ್ದಳು. ನಾನು ತಲೆ ಎತ್ತಿದೆ, ಎದ್ದೂ ನಿಂತೆ.

“ಅಪ್ಪಾ, ಒಂಚೂರ ಸರಿ” ಎಂದು ತೊಡೆಯ ಕೆಳಗಿನ ವಸ್ತ್ರವನ್ನು ಎಳೆದು, ಅತ್ತೆಯ ಮುಂದೆ ಬಿಚ್ಚಿ ಹಿಡಿದೆ. “ರಕ್ತ ಅಲ್ರಿ ಇದು. ನೋಡ್ರಿ.”

ಅತ್ತೆ ಮೊದಲು ಮೂಗು ಮುಚ್ಚಿ ಹಿಂದೆ ಸರಿದರು. ಆಮೇಲೆ ಬಗ್ಗಿದರು. ಆಮೇಲೆ ಇನ್ನೂ ಬಗ್ಗಿದರು.

“ಯವ್ವಾ! ದಾಳಿಂಬ್ರಿ ಬೀಜ!”

“ಹೌದ್ರಿ. ಅಪ್ಪಗ ರಕ್ತ ಕಡಿಮಿ ಐತಿ. ಅದಕ ತಿಂತಾರ. ಗುಳಿಗಿ ಕೊಟ್ಟಾರ, ಅವನ್ನ ಮಾತ್ರ ಮುಟ್ಟೂದಿಲ್ಲ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮದುವೆ ಮುರಿಯಿತೆಂದೇ ಎಲ್ಲರೂ ತಿಳಿದೆವು. ಆದರೆ ಅತ್ತೆ ತಾಟಿನಲ್ಲಿ ಉಳಿದಿದ್ದ ಕಾಳನ್ನೂ ವಸ್ತ್ರದ ಬೀಜವನ್ನೂ ನೋಡಿ, ಅಪ್ಪನಿಗೆ ಗದರಿಸಿದರು.

“ಬೀಜ ಉಗಳ್ತೀರೇನ್ರಿ? ಸಾಲಿ ಕಲತಿಲ್ಲೇನ? ಅದನ್ನ ಅಗದು ನುಂಗಬೇಕು. ಹೊಟ್ಟಿ ಹಗೂರ ಆಗತೈತಿ.”

“ಬೀಜ ನುಂಗಿದ್ರ ಕರಳಾಗ ಸಿಗತಾವ್ರಿ” ಎಂದರು ಅಪ್ಪ.

“ನಾ ಎರಡ ವರ್ಷಾತು ನುಂಗಾಕ ಹತ್ತಿ. ಎಲ್ಲಿ ಸಿಕ್ಕಾವು?”

ಅವರ ಅಣ್ಣ ತಿರುಗಿ ಕೇಳಿದರು: “ನೀ ಯಾಕ ತಿಂತಿ?”

ಅತ್ತೆಯ ಜೋರು ಒಮ್ಮೆಲೇ ಇಳಿಯಿತು. “ನನಗೂ ಕಡಿಮೀನ ಐತಿ. ನಿಮಗ ಗೊತ್ತಾದ್ರ ಮನಿಗೆಲಸ ಬಿಡಸ್ತೀರಿ ಅಂತ ಹೇಳಿದ್ದಿಲ್ಲ. ನಾ ಗುಳಿಗಿ ಮಾತ್ರ ತಪ್ಪಸೂದಿಲ್ಲ.”

ಮುಂದೆ ನಡೆದದ್ದು ಹೆಣ್ಣು ನೋಡುವ ಶಾಸ್ತ್ರವಲ್ಲ, ಪಂಚಾಯಿತಿ. ಬೀಜ ಉಗುಳಬೇಕೋ ನುಂಗಬೇಕೋ ಎಂಬ ವಾದಕ್ಕೆ ಅಪ್ಪನೂ ಅತ್ತೆಯೂ ಹಣ್ಣಿನ ಮೇಲೆ ಹಣ್ಣು ಒಡೆದರು. ಬಂದ ಬಸ್ಸು ಹೋಯಿತು. ಹುಡುಗನನ್ನು ಸಾಕ್ಷಿಗೆ ಕರೆದರೆ, ಅತ್ತೆಗೂ ಆಗಲಿರುವ ಮಾವನಿಗೂ ಬೇಸರವಾಗದ ದಾರಿ ಹುಡುಕಿ, ಅವನು ಬಾಯಿ ತುಂಬ ಕಾಳು ತುಂಬಿಕೊಂಡು ಮಾತೇ ಆಡಲಿಲ್ಲ. ಹುಡುಗಿಯ ಹಲ್ಲು ದಾಳಿಂಬೆ ಬೀಜದ ಹಾಗಿರಬೇಕು ಎಂದು ಹಿರಿಯರು ಹೇಳುತ್ತಾರಲ್ಲ, ಅಂದು ನಮ್ಮ ಪಡಸಾಲೆಯಲ್ಲಿ ನಕ್ಕವರೆಲ್ಲರ ಹಲ್ಲೂ ಬಣ್ಣ ಸಮೇತ ಹಾಗೇ ಇದ್ದವು.

ಹೊರಡುವಾಗ ಅತ್ತೆ ಹೊಸ್ತಿಲಲ್ಲಿ ನಿಂತು ನನ್ನ ಗದ್ದ ಹಿಡಿದರು. “ನಮ್ಮ ಮನ್ಯಾಗ ಎಲ್ಲಾರೂ ಮುಚ್ಚಿಡಾವರ ಅದೀವಿ. ಬಿಚ್ಚಿ ತೋರಸಾಕಿ ಒಬ್ಬಾಕಿ ಬೇಕಾಗಿತ್ತು.” ಆಮೇಲೆ ದೇವರ ಜಗಲಿಯ ಮೇಲಿನ ಗುಳಿಗೆಯನ್ನು ತಾವೇ ತಂದು, ಅಪ್ಪ ನುಂಗುವ ತನಕ ಎದುರಿಗೆ ನಿಂತೇ ಇದ್ದರು. ನಿಶ್ಚಯವಾದ ಮೇಲೆ ದಿನಾ ಫೋನಿನಲ್ಲಿ ಅದೇ ವಿಚಾರಣೆ. ಬೀಗತಿಯ ಅಂಜಿಕೆಗೆ ಅಪ್ಪ ಗುಳಿಗೆ ತಪ್ಪಿಸಲಿಲ್ಲ.

ಮದುವೆಗೆ ಮುಂಚೆ ಮತ್ತೆ ರೋಣಕ್ಕೆ ಹೋದೆವು. ಅಪ್ಪನ ರಕ್ತ ಏರಿತ್ತು. “ದಾಳಿಂಬ್ರಿ ಮಹಿಮಾರಿ” ಎಂದರು ಅಪ್ಪ. “ಗುಳಿಗಿ ಮಹಿಮಾರಿ” ಎಂದು ಡಾಕ್ಟರ್ ಬಾಯಾರು ನಕ್ಕು, ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ಕರೆದರು. “ಬರ್ರಿ, ನಿಮ್ಮದೂ ನೋಡೂಣು.” ನಾ ಗಟ್ಟಿ ಅದೀನ್ರಿ ಎಂದು ಅವ್ವ ಎಷ್ಟು ಹೇಳಿದರೂ ಬಿಡಲಿಲ್ಲ.

ಅಪ್ಪನಿಗೆ ಮನೆ ತಿರುಗಿದ ದಿನ ಎಷ್ಟಿತ್ತೋ, ಅವ್ವನ ರಕ್ತ ಅದಕ್ಕಿಂತಲೂ ಕಡಿಮೆಯಿತ್ತು.

ಅಪ್ಪ ಗುಳಿಗೆಯ ಚೀಟಿಯನ್ನು ಅವ್ವನ ಕೈಯಿಂದ ತಾವೇ ತೆಗೆದುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಗಾಡಿಯವನ ಹತ್ತಿರ ದಾಳಿಂಬೆ ಆರಿಸಿದರು. ಬಸ್ಸು ಜೋಳದ ಹೊಲಗಳ ನಡುವೆ ಕುಲುಕಾಡುತ್ತ ಗಜೇಂದ್ರಗಡದ ದಾರಿ ಹಿಡಿದಾಗ, ಒಗೆದ ಬಿಳಿ ಧೋತರದ ಮೇಲೇ ಹಣ್ಣು ಬಿಚ್ಚಿದರು. ಒಂದೊಂದೇ ಕಾಳು ಎಬ್ಬಿಸಿ ಅಂಗೈ ತುಂಬಿಸಿ, ಅವ್ವನ ಬಾಯಿಯ ಹತ್ತಿರ ಒಯ್ದರು.

“ಮಂದಿ ನೋಡ್ತಾರ್ರಿ” ಎಂದಳು ಅವ್ವ.

“ನೋಡ್ಲಿ. ಬಾಯಿ ತಗಿ.”

ಇಡೀ ಬಸ್ಸು ನೋಡುತ್ತಿತ್ತು. ಅವ್ವ ಸೆರಗು ಮರೆಮಾಡಿಕೊಂಡು ಬಾಯಿ ತೆರೆದಳು. ಬಹಳ ಹೊತ್ತು ಜಗಿದಳು. ಗದ್ದಕ್ಕೆ ರಸ ಇಳಿಯಿತು, ಅಪ್ಪ ಧೋತರದ ಚುಂಗಿನಿಂದ ಒರೆಸಿದರು.

“ಇದು ಇಷ್ಟ ರುಚಿ ಇರತೈತಿ ಅಂತ ನನಗ ಯಾಕ ಹೇಳ್ಲಿಲ್ಲ?” ಎಂದು ಕೇಳಿದಳು ಅವ್ವ.

ಅಪ್ಪ ಇನ್ನೊಂದು ಹಣ್ಣು ಒಡೆದರು.