ಗಂಧ ಮೆತ್ತಿದ ಮೋಟಾರು

ಈ ಸೆಮಿಸ್ಟರು ಶುರುವಾದಾಗಿನಿಂದ ನನಗೊಂದು ಚಾಳಿ ಹತ್ತಿಕೊಂಡಿದೆ. ಎಲ್ಲಿ ಮೋಟಾರು ಕಂಡರೂ ಬಗ್ಗಿ, ಅದರ ಮೈಗೆ ಬಡಿದಿರುವ ತಗಡನ್ನು ಓದುತ್ತೇನೆ. ದಿಂಡಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲಿನ ಗಾಡಿಯ ಕೆಳಗೆ ತಲೆ ಹಾಕಿದ್ದಾಗ ಗಾಡಿಯವರು ತಮಿಳಿನಲ್ಲಿ, "ಏನಮ್ಮಾ, ಓಲೆ ಬಿತ್ತಾ?" ಎಂದು ತಾವೂ ಕೂತು ನೆಲ ತಡಕಿದರು. ಓದಿದ್ದನ್ನೆಲ್ಲ ದಿನಾಂಕ ಹಾಕಿ ದಿನಚರಿಗೆ ಇಳಿಸುತ್ತೇನೆ: ಎಷ್ಟು ಕುದುರೆ ಶಕ್ತಿ, ಎಷ್ಟು ವೋಲ್ಟು, ನಿಮಿಷಕ್ಕೆ ಎಷ್ಟು ಸುತ್ತು. ದಿನಚರಿಯೆಂದರೆ ಮನಸ್ಸಿನ ಗುಟ್ಟು ಬರೆಯುವ ಜಾಗ ಎಂದು ಹಾಸ್ಟೆಲಿನ ಗೆಳತಿಯರು ನಂಬಿದ್ದಾರೆ. ಒಬ್ಬಳು ಕದ್ದು ಓದಿ, ಹಿಟ್ಟಿನ ಗಿರಣಿಯ ಮೋಟಾರಿನ ವಿವರ ಕಂಡು, ಆ ದಿನವೆಲ್ಲ ನನ್ನನ್ನು ಮರುಕದಿಂದ ನೋಡಿದಳು.

ಇದೆಲ್ಲ ಎಲೆಕ್ಟ್ರಿಕಲ್ ಮೆಷಿನ್ಸ್ ಎಂಬ ಪಾಠದ ಪ್ರಭಾವ. ಮೋಟಾರು, ಜನರೇಟರು ಎರಡು ಬೇರೆ ಯಂತ್ರಗಳೆಂದು ನಾನು ತಿಳಿದಿದ್ದೆ. ಒಂದೇ ಅಂತೆ. ಕರೆಂಟು ಕೊಟ್ಟರೆ ತಿರುಗುತ್ತದೆ, ಹಿಡಿದು ತಿರುಗಿಸಿದರೆ ಕರೆಂಟು ಕೊಡುತ್ತದೆ. ಅದಕ್ಕಿಂತ ನನ್ನ ತಲೆ ಕೆಡಿಸಿದ್ದು ಇನ್ನೊಂದು ಸಂಗತಿ. ನಮ್ಮ ತೋಟಗಳಲ್ಲಿ ನೀರೆತ್ತುವ ಮೋಟಾರಿನೊಳಗೆ ಕಣ್ಣಿಗೆ ಕಾಣದ ಅಯಸ್ಕಾಂತದ ಸೆಳೆತವೊಂದು ಗಿರಗಿರನೆ ಸುತ್ತುತ್ತಿರುತ್ತದೆ. ನಡುವಿನ ಕಬ್ಬಿಣದ ಉರುಳೆ ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಎಂದೂ ಹಿಡಿಯುವುದಿಲ್ಲ. ಹಿಡಿದ ಕ್ಷಣವೇ ಎಳೆಯುವ ಬಲ ಇಲ್ಲವಾಗುತ್ತದೆ. ಈ ತುಸು ಹಿಂದೆ ಬೀಳುವುದಕ್ಕೆ ಸ್ಲಿಪ್ ಎಂದು ಹೆಸರು. ಅದೇ ಉರುಳೆಯನ್ನು ಹೊರಗಿನಿಂದ ಯಾರಾದರೂ ತಳ್ಳಿ ಮುಂದೆ ಹಾಯಿಸಿದರೆ, ಅದು ಜನರೇಟರು. ಊರಿಗೆ ಹೋಗುವಾಗ ಆಂಡಿಪಟ್ಟಿಯ ಕಡೆ ಕಾಣುವ ಗಾಳಿಯಂತ್ರಗಳಲ್ಲಿ ಹಳೆಯವು ಹಲವು ಇದೇ ಜಾತಿಯವಂತೆ. ತುಸು ಹಿಂದಿದ್ದರೆ ದುಡಿತ, ತುಸು ಮುಂದಿದ್ದರೆ ದಾನ, ಸರಿಸಮವಾದರೆ ಏನೂ ಇಲ್ಲ. ಬಸ್ಸಿನ ಕಿಟಕಿಯಲ್ಲಿ ಇದನ್ನೇ ಯೋಚಿಸುತ್ತ ಒಮ್ಮೆ ತೇನಿಯಲ್ಲಿ ಇಳಿಯುವುದನ್ನೇ ಮರೆತಿದ್ದೇನೆ.

ಹೀಗಿರುವಾಗ ಪ್ರೊಫೆಸರು ಒಂದು ಕೆಲಸ ಕೊಟ್ಟರು. ಮನೆಯ ಅಥವಾ ಹೊಲದ ಮೋಟಾರೊಂದರ ತಗಡು ಓದಿ, ಅದರ ಸ್ಲಿಪ್ ಎಷ್ಟೆಂದು ಸೋಮವಾರ ತರಬೇಕು. ತರದವರಿಗೆ ಲ್ಯಾಬ್ ಪರೀಕ್ಷೆಗೆ ಪ್ರವೇಶವಿಲ್ಲ. ಪೇಟೆಯ ಹುಡುಗಿಯರು ಮೋಟಾರು ಹುಡುಕಿ ಅಲೆಯುವಾಗ ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಓಡೈಪಟ್ಟಿಯ ನಮ್ಮ ದ್ರಾಕ್ಷಿ ತೋಟದಲ್ಲಿ ನನಗಿಂತ ಹಿರಿಯ ಮೋಟಾರೇ ಇದೆಯಲ್ಲ!

ಶನಿವಾರ ಮಧ್ಯಾಹ್ನ ಮೋಟಾರು ಕೊಠಡಿಗೆ ಹೋಗಿ ಬಗ್ಗಿದರೆ, ಕಂಡಕಂಡ ಮೋಟಾರು ಓದುವ ನಾನು ನಮ್ಮದನ್ನು ಎಂದೂ ಓದಿಲ್ಲವೇಕೆಂದು ಗೊತ್ತಾಯಿತು. ತಗಡು ಇರಬೇಕಾದಲ್ಲಿ ಬೆರಳು ದಪ್ಪದ ಗಂಧ, ಅದರ ಮೇಲೆ ಕುಂಕುಮ. ಎಲ್ಲರ ಮನೆಯಲ್ಲೂ ಆಯುಧಪೂಜೆಗೆ ತೊಳೆದು ಗಂಧ ಇಡುತ್ತಾರೆ. ನಮ್ಮ ಮನೆಯಲ್ಲಿ ಮೋಟಾರನ್ನು ಮಾತ್ರ ತೊಳೆಯುವುದಿಲ್ಲ. ಮೋಟಾರು ಬಂದ ಮೊದಲ ವರ್ಷ ಅಜ್ಜ, ಎತ್ತುಗಳಿಗೆ ಮಾಡಿಸಿದಂತೆ, ಇದಕ್ಕೂ ಕೊಡ ಕೊಡ ನೀರು ಹೊಯ್ದು ಉಜ್ಜಿ ಸ್ನಾನ ಮಾಡಿಸಿ, ಕರ್ಪೂರ ಬೆಳಗಿ, ಸ್ವಿಚ್ಚು ಒತ್ತಿದರಂತೆ. ಢಬ್ಬೆಂದು ಹೊಗೆ. ಒಳಗಿನ ತಂತಿಸುರುಳಿಯೆಲ್ಲ ಸುಟ್ಟುಹೋಯಿತು. ಕಂಬಂ ಪೇಟೆಗೆ ಒಯ್ದು ಮತ್ತೆ ಸುತ್ತಿಸಿ ತಂದ ದಿನ ಅಜ್ಜ ತಪ್ಪಾಯಿತೆಂದು ಅದರ ಹಣೆಗೆ, ಅಂದರೆ ತಗಡಿಗೆ, ಹೆಬ್ಬೆರಳಲ್ಲಿ ಗಂಧ ಒತ್ತಿದರು. ಅಂದಿನಿಂದ ನೀರು ಸೋಕಿಸುವಂತಿಲ್ಲ. ವರ್ಷವರ್ಷವೂ ಗಂಧದ ಮೇಲೆ ಗಂಧ.

ನಾನು ಮೊಂಡು ಚಾಕು ತೆಗೆದುಕೊಂಡೆ. ಹಿಂದೆಯೇ ಬಂದಿದ್ದ ಅಜ್ಜಿ ನನ್ನ ಕೈ ಹಿಡಿದಳು. ಮುದ್ದಿನಿಂದ ಅವಳು ನನ್ನನ್ನು ಕರೆಯುವುದು, ತಮಿಳರಂತೆ, 'ಕಣ್ಣು' ಎಂದು.

"ಕೆರೀಬ್ಯಾಡ ಕಣ್ಣು. ಅಡೀಲಿರೋದು ನಿಮ್ಮಜ್ಜನ ಬೆರಳು."

ಅಜ್ಜ ಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಆದರೆ ಸೋಮವಾರ ದೂರವಿರಲಿಲ್ಲ. "ಪರೀಚ್ಚೆ ಅಜ್ಜಿ" ಎಂದೆ ತಮಿಳಿನಲ್ಲಿ. ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದ ಮನೆ ನಮ್ಮದು. ಅವಳು ಕನ್ನಡದಲ್ಲಿ ಕೇಳುವುದು, ನಾನು ತಮಿಳಿನಲ್ಲಿ ಉತ್ತರಿಸುವುದು ನಮ್ಮಿಬ್ಬರ ಹಳೆಯ ಒಪ್ಪಂದ. ಬರೆಯುವ ಕನ್ನಡವನ್ನು ನಾನು ಪುಸ್ತಕದಿಂದ ಕಲಿತೆ. ಅವಳ ಕನ್ನಡ ಕಿವಿಗೆ ಗೊತ್ತು, ನಾಲಿಗೆಗೆ ಅಷ್ಟಾಗಿ ಗೊತ್ತಿಲ್ಲ.

ಅಪ್ಪ ಸ್ಟಾರ್ಟರಿನ ಪಕ್ಕದಿಂದ, "ಕೆರಿಯಮ್ಮಾ, ಕೆರಿ. ನಾಳೆ ಮೋಟಾರು ಕೆಟ್ಟರೆ ದ್ರಾಕ್ಷಿಗೆ ನೀನೇ ಕೊಡದಲ್ಲಿ ನೀರು ಹೊಯ್ಯುವಿಯಂತೆ" ಎಂದರು.

ಚಾಕು ಕೆಳಗಿಟ್ಟು ಮೇಲೆ ನೋಡಿದೆ. ತಲೆಯ ಮೇಲೆ ಹಳೆಯ ಟ್ಯೂಬ್‌ಲೈಟು ಗುಂಯ್ಗುಡುತ್ತಿತ್ತು. ಆಗ ಪಾಠದಲ್ಲಿ ಕೇಳಿದ್ದೊಂದು ನೆನಪಾಯಿತು. ಇಂಥ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಕಣ್ಣು ಮಿಟುಕಿಸುತ್ತದೆ. ತಿರುಗುವುದರ ಮೇಲೆ ಗುರುತಿಟ್ಟು ಆ ಬೆಳಕಲ್ಲಿ ನೋಡಿದರೆ, ಅದು ಎಷ್ಟು ಹಿಂದೆ ಬೀಳುತ್ತಿದೆಯೆಂದು ಎಣಿಸಬಹುದು. ತಗಡೇ ಬೇಡ!

"ಅಜ್ಜಿ, ಒಂದು ಬೊಟ್ಟು ಗಂಧ ಇಡ್ತೀಯಾ?" ಎಂದು ತಮಿಳಿನಲ್ಲೇ ಕೇಳಿದೆ.

ಕೆರೆಯುವುದಕ್ಕೆ ಒಪ್ಪದವಳು ಇಡುವುದಕ್ಕೆ ಕುಣಿದು ಬಂದಳು. ಅಪ್ಪ ಫ್ಯೂಸು ತೆಗೆದರು. ಮೋಟಾರನ್ನೂ ಪಂಪನ್ನೂ ಜೋಡಿಸುವ ಚಕ್ರದ ಅಂಚಿಗೆ ಅಜ್ಜಿ ಒಂದು ಬೊಟ್ಟಿಟ್ಟಳು. ದೂರ ಸರಿದು, ಹೊರಗಿನ ಬೆಳಕು ಬರದಂತೆ ಬಾಗಿಲು ಮುಚ್ಚಿ, ಫ್ಯೂಸು ಮತ್ತೆ ಸಿಕ್ಕಿಸಿ, ಮೋಟಾರು ಹಾಕಿದೆವು.

"ಒಂದೇ ತಾನೆ ಇಟ್ಟೆ? ನಾಲ್ಕೈತಲ್ಲ!" ಎಂದಳು ಅಜ್ಜಿ. ಮರುಕ್ಷಣ ಸೆರಗು ಬಾಯಿಗೆ ಹೋಯಿತು. "ಅಯ್ಯೋ ಸಾಮಿ, ಹಿಂದಕ್ಕೆ ನಡೀತಾವೆ! ನೀರು ತಿರುಗಿ ಬಾವಿಗೇ ಹೋಗ್ತೈತಾ?"

ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಬೆಳಕು ನಾಲ್ಕು ಸಲ ಮಿಂಚುವುದರಿಂದ ನಾಲ್ಕು ಬೊಟ್ಟು. ಪ್ರತಿ ಮಿಂಚಿಗೂ ಚಕ್ರ ಕೂದಲಷ್ಟು ತಡವಾಗಿ ಬರುವುದರಿಂದ ಹಿನ್ನಡೆ. ಇದನ್ನೂ, ಉರುಳೆ ಸೆಳೆತದ ಬೆನ್ನು ಹತ್ತಿ ಓಡುವುದನ್ನೂ ವಿವರಿಸುವಷ್ಟರಲ್ಲಿ ಅಜ್ಜಿ ಎಣಿಸಲು ಶುರು ಮಾಡಿದ್ದಳು. ನಾನು ತಮಿಳಿನಲ್ಲಿ, ಅವಳು ಕನ್ನಡದಲ್ಲಿ, ಅವಳದೇ ಜೋರು. ಎರಡು ಸಲ ನನ್ನ ಲೆಕ್ಕ ತಪ್ಪಿತು. ಲೆಕ್ಕವೇ ನನ್ನ ಹೆಮ್ಮೆ, ಆದರೂ ಕೊನೆಗೆ ಸೋತು, ನಾನು ಗಡಿಯಾರ ಹಿಡಿದೆ, ಅಜ್ಜಿ ಎಣಿಸಿದಳು.

ಸೋಮವಾರ ಪ್ರೊಫೆಸರು ನನ್ನ ಹಾಳೆಯಲ್ಲಿ ತಗಡಿನ ವಿವರದ ಜಾಗದಲ್ಲಿ "ಓದಲಾಗಲಿಲ್ಲ, ಗಂಧವಿದೆ" ಎಂಬುದನ್ನು ಕಂಡು ಕನ್ನಡಕ ತೆಗೆದರು. ನಡೆದದ್ದನ್ನು ಹೇಳಿದೆ. ಮಿಕ್ಕದ್ದನ್ನು ಓದಿ, "ತಗಡು ಹೇಳೋದು ಕಾರ್ಖಾನೆ ಬಿಟ್ಟ ದಿನದ ಮಾತು. ನೀನು ತಂದಿರೋದು ಮೊನ್ನೆ ಶನಿವಾರದ್ದು" ಎಂದು ಸಹಿ ಹಾಕಿದರು.

ಸಂಜೆ ಅಜ್ಜಿ ಫೋನು ಮಾಡಿದಳು. ನನಗೆ ಪರೀಕ್ಷೆಗೆ ಪ್ರವೇಶ ಸಿಕ್ಕ ಸುದ್ದಿ ಕೇಳಿ ಮುಗಿಸಿದ ಮೇಲೆ ನಿಜವಾದ ಚಿಂತೆ ಹೊರಬಿತ್ತು.

"ಆ ಉರುಳೆ ಅಷ್ಟು ವರ್ಷದಿಂದ ಸೆಳೆತದ ಹಿಂದೆ ಓಡ್ತೈತಲ್ಲ ಕಣ್ಣು, ಎಂದಾದರೂ ಹಿಡೀತದಾ?"

ತಮಿಳಿನಲ್ಲಿ ಹೇಳಲು ಬಾಯಿ ತೆರೆದವಳು ತಡೆದು, ಅವಳ ಕನ್ನಡದ ಮಾತನ್ನೇ ಒಂದೊಂದಾಗಿ ಹುಡುಕಿ ಜೋಡಿಸಿದೆ. ಅಜ್ಜಿ ಆ ತುದಿಯಲ್ಲಿ ಕಾದಳು.

"ಹಿಡಿದರೆ... ನೀರು... ನಿಂತೋಗ್ತೈತೆ ಅಜ್ಜಿ."

"ಹಂಗಾರೆ ಹಿಂದೇನೇ ಇರಲಿ ಬಿಡು," ಎಂದಳು. "ನೀನೂ ಅವಸರ ಮಾಡಬ್ಯಾಡ, ಮೆಲ್ಲಕ್ಕೆ ಮಾತಾಡು."