ಗೋಡೆಯ ಮೇಲಿನ ರೊಟ್ಟಿ

ಪ್ರೇಮವು ಮನುಷ್ಯನನ್ನು ಎತ್ತರಕ್ಕೆ ಒಯ್ಯುತ್ತದೆ ಎಂಬುದು ಬಲ್ಲವರ ಅಭಿಪ್ರಾಯ. ನನ್ನನ್ನು ಅದು ಮಾಳಿಗೆಯವರೆಗೆ ಒಯ್ದಿತು. ಅಲ್ಲಿಂದ ಪಕ್ಕದ ಮನೆಯ ಅಂಗಳ ಕಾಣುತ್ತಿತ್ತು.

ತುಮಕೂರಿನಿಂದ ಬಿಸಿಲುನಾಡಿನ ಚಂದಾಪುರಕ್ಕೆ ಗುಮಾಸ್ತನಾಗಿ ಬಂದಾಗ ನಾನು ನಲವತ್ತೆಂಟರ ಬ್ರಹ್ಮಚಾರಿ. ಬಾಡಿಗೆ ಮನೆಯ ನೆಲ, ಅಡುಗೆಕಟ್ಟೆ, ಬಚ್ಚಲು, ಎಲ್ಲವೂ ಶಹಾಬಾದಿನ ಫರಸಿ ಕಲ್ಲು. ಬೇಸಿಗೆಯಲ್ಲಿ ಕಾದ ಆ ಕಲ್ಲಿನ ಮೇಲೆ ಬರಿಗಾಲಿಟ್ಟವನಿಗೆ ವೈರಾಗ್ಯ ಬರಬೇಕು. ನನಗೆ ಬರಲಿಲ್ಲ.

ನಮ್ಮಲ್ಲಿ ಮುದ್ದೆಯನ್ನು ಸದ್ದಿಲ್ಲದೆ ನುಂಗುತ್ತೇವೆ. ಇಲ್ಲಿ ಒಣಗಿದ ಜೋಳದ ರೊಟ್ಟಿ ಮುರಿದರೆ, ಒಬ್ಬನೇ ಉಣ್ಣುತ್ತಿದ್ದಾನೆಂದು ಓಣಿಗೆಲ್ಲ ತಿಳಿಯುತ್ತದೆ. ಪಕ್ಕದ ಮನೆಯ ಶರಣಪ್ಪನ ಹೆಂಡತಿ ಮಹಾದೇವಿಗೂ ತಿಳಿಯಿತು. ಮರುದಿನದಿಂದ ನಡುಗೋಡೆಯ ಮೇಲೆ ತಾಟು: ಬಿಸಿ ರೊಟ್ಟಿ, ಪುಂಡಿಪಲ್ಯ.

"ಒಬ್ರೇ ಅದೀರಿ. ತಗೋರಿ, ಆರ್ತದ."

ಇಷ್ಟು ಮಾತಿನಲ್ಲಿ ನಾನು ಕಂಡುಕೊಂಡ ಅರ್ಥಗಳನ್ನು ಬರೆಯಲು ನಾಚಿಕೆ. ಗಂಡನುಳ್ಳವಳು, ಮಕ್ಕಳ ತಾಯಿ, ಇದು ಮಹಾಪಾಪ ಎಂದು ಗಂಭೀರವಾಗಿ ಯೋಚಿಸಿದೆ. ಯೋಚಿಸಿ, ತಲೆಗೆ ಬಣ್ಣ ಹಚ್ಚಿಕೊಂಡೆ.

ಊರಿಗೆ ವರ್ಗ ಬೇಕೆಂದು ಬಂದ ದಿನದಿಂದ ಕಂಡಕಂಡವರ ಕಾಲು ಹಿಡಿದಿದ್ದೆ; ಆರು ವರ್ಷದ ಮೇಲೆ, ಬೇಡವಾದಾಗ, ತುಮಕೂರಿಗೆ ವರ್ಗವಾಯಿತು. ಮಹಾದೇವಿಗೆ ಹೇಳಿದೆ.

"ಖರೇನ ಹೋಗಾಕತ್ತೀರೇನ್ರಿ? ನಮ್ಮ ಹುಡುಗ್ರಿಗಿ ಭಾಳ ಬ್ಯಾಸರ ಆಗ್ತದ."

ಆ ವಾಕ್ಯದಿಂದ ಹುಡುಗರನ್ನು ನಾನು ತೆಗೆದುಹಾಕಿದೆ. ವರ್ಗಾವಣೆ ರದ್ದುಮಾಡಿರೆಂದು ಅರ್ಜಿ ಹಾಕಿದೆ. ಊರಲ್ಲಿ ನನಗೆಂದು ಕೋಣೆಗೆ ಸುಣ್ಣ ಹೊಡೆಸಿದ್ದ ಅಕ್ಕ ಫೋನಿನಲ್ಲಿ, "ತಲೆ ಗಿಲೆ ಕೆಟ್ಟಿದೆಯೇನೋ?" ಎಂದಳು. ಇಲ್ಲಿಯ ಹವೆ ಒಗ್ಗಿದೆ ಎಂದೆ.

ಎಳ್ಳಮಾವಾಸ್ಯೆಗೆ ಇಲ್ಲಿಯವರು ಹೊಲದಲ್ಲಿ ಉಣ್ಣುತ್ತಾರೆ, ಕಂಡವರನ್ನೆಲ್ಲ ಕರೆಯುತ್ತಾರೆ. ಶರಣಪ್ಪ ನನ್ನನ್ನೂ ಕರೆದ. ಹೊಸ ಅಂಗಿ ತೊಟ್ಟು ಹೋದೆ. ಬೇವಿನ ಮರದಡಿ ಆಗಲೇ ಇಬ್ಬರಿದ್ದರು: ಹಾಸನದ ಪಶುವೈದ್ಯ, ಮಂಡ್ಯದ ಮೇಷ್ಟ್ರು. ಇಬ್ಬರೂ ಒಂಟಿ, ಇಬ್ಬರಿಗೂ ಹೊಸ ಅಂಗಿ. ಮೇಷ್ಟ್ರ ಮೀಸೆಗೂ ಬಣ್ಣ. ನಾವು ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮಹಾದೇವಿ ಸಜ್ಜೆರೊಟ್ಟಿಯ ಮೇಲೆ ಭಜ್ಜಿ ಬಡಿಸಿದಳು. ಇಲ್ಲಿ ಅದು ಎಣ್ಣೆಯಲ್ಲಿ ಕರಿದದ್ದಲ್ಲ. ಸಿಕ್ಕ ಕಾಳು, ಸೊಪ್ಪು, ಕಾಯಿಗಳನ್ನೆಲ್ಲ ಭೇದವಿಲ್ಲದೆ ಕೂಡಿಸಿ ಬೇಯಿಸಿದ್ದು.

"ದಿನಾ ಮೂರು ಮನಿಗಿ ರೊಟ್ಟಿ ಹೋಗ್ತಾವ್ರಿ," ಎಂದ ಶರಣಪ್ಪ. "ಒಬ್ರೇ ಇರೋರನ್ನ ಕಂಡ್ರ ಅಕಿಗಿ ತಡಿಯಂಗಿಲ್ಲ."

"ನಮ್ಮಣ್ಣ ಪುಣೆದಾಗ ಒಬ್ಬನೇ ಅದಾನ್ರಿ, ಕಾಕಾ," ಎಂದಳು ಅವಳು ನನಗೆ, ಚಿಕ್ಕಪ್ಪನನ್ನು ಕರೆಯುವಂತೆ. "ಅಲ್ಲಿ ಅವನಿಗಿ ಯಾರರ ಕೊಡ್ಲಿ ಅಂತ, ಇಲ್ಲಿ ನಾ ಕೊಡ್ತೀನಿ. ಇನ್ನೊಂದು ಹಾಕ್ಲೇನ್ರಿ?"

ಬೇಡವೆನ್ನುವಷ್ಟೂ ಮಾನ ನನ್ನಲ್ಲಿ ಉಳಿದಿರಲಿಲ್ಲ. ಹಾಕಿಸಿಕೊಂಡೆ.

ಈಗ ಊರಿಗೆ ಹೋದರೆ ಮುದ್ದೆ ಗಂಟಲಲ್ಲಿ ನಿಲ್ಲುತ್ತದೆ, ಇಲ್ಲಿ ಬಾಯಿ ತೆರೆದರೆ "ಯಾವ ಊರವ್ರಿ?" ಎನ್ನುತ್ತಾರೆ. ತಾಟು ಇಂದಿಗೂ ಗೋಡೆಯ ಮೇಲೆ ಬರುತ್ತದೆ. ತಲೆಗೆ ಬಣ್ಣ ನಿಲ್ಲಿಸಿದ್ದೇನೆ.

ಆ ಅಮಾವಾಸ್ಯೆಯ ಮರುವಾರವೇ, ವರ್ಗಾವಣೆ ರದ್ದುಮಾಡಿರೆಂಬ ನನ್ನ ಅರ್ಜಿ ಮಂಜೂರಾಯಿತು. ತುಮಕೂರಿನ ಜಾಗಕ್ಕೆ ಬೇರೊಬ್ಬರು ಹೋದರು.