ಕೈ ನೋಡುತ್ತಿದ್ದ ಪಿ.ಟಿ. ಮೇಡಂ

ಶನಿವಾರ ಮಧ್ಯಾಹ್ನ ಮೂರು ಗಂಟೆ, ತಿಪಟೂರಿನ ಕಾಲೇಜು ಮೈದಾನ. ಹಾಜರಿದ್ದವರು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೈಸ್ಕೂಲ್ ಹುಡುಗಿಯರು, ಅಂಪೈರ್ ಆಗಿ ನಾನು, ಚಿಕ್ಕನಾಯಕನಹಳ್ಳಿ ತಂಡದ ಪಿ.ಟಿ. ಮೇಡಂ.

ಸಾಫ್ಟ್‌ಬಾಲ್ ಆಟಕ್ಕೆ ಮುಂಚೆ ಆಕೆ ಪ್ರತಿ ಹುಡುಗಿಗೂ "ಎಲ್ಲಿ, ಕೈ ತೋರ್ಸವ್ವ" ಎನ್ನುತ್ತಿದ್ದರು. ಬೆರಳುಗಳನ್ನು ಮಡಿಸಿ ನೋಡಿಯೇ ಬ್ಯಾಟು ಕೊಡುತ್ತಿದ್ದರು.

ಅಂದು ಕಡೆಯ ಇನ್ನಿಂಗ್ಸ್‌ನಲ್ಲಿ ಅವರ ತಂಡ ಒಂದು ರನ್ ಹಿಂದಿತ್ತು. ಇನ್ನೊಬ್ಬಳು ಔಟಾದರೆ ಸೋಲು. ಬ್ಯಾಟು ಬೀಸಿದ ಹುಡುಗಿಯ ಬೆರಳಿಗೆ ಚೆಂಡು ಬಡಿಯಿತು. ನಮ್ಮ ಪಂದ್ಯಾವಳಿಯ ನಿಯಮದಂತೆ, ಪೆಟ್ಟಾದವಳ ಸ್ಟ್ರೈಕುಗಳ, ಅಂದರೆ ತಪ್ಪಿದ ಹೊಡೆತಗಳ, ಲೆಕ್ಕದಿಂದಲೇ ಬದಲಿ ಆಟಗಾರ್ತಿ ಮುಂದುವರಿಯಬಹುದು. ಬದಲಿ ಇಲ್ಲದಿದ್ದರೆ ಔಟ್. ಆ ತಂಡದಲ್ಲಿ ಇದ್ದದ್ದೇ ಆಡಲು ಬೇಕಾದ ಒಂಬತ್ತು ಜನ, ಬದಲಿ ಯಾರೂ ಇರಲಿಲ್ಲ.

"ಏನೂ ಆಗಿಲ್ಲ ಕಣ್ರೀ ಮಿಸ್, ಆಡ್ತೀನಿ ಬುಡಿ." ಹುಡುಗಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಮೇಡಂ ಚೀಲದಿಂದ ಎಳನೀರೊಂದನ್ನು ತೆಗೆದರು. "ಆಡೀವಂತೆ. ಮೊದ್ಲು ಇದನ್ನ ಆ ಕೈಲಿ ಹಿಡ್ಕೊ."

ಬೆರಳು ಮಡಿಯಲಿಲ್ಲ. ಎಳನೀರು ಜಾರಿ ಮಣ್ಣಿಗೆ ಬಿತ್ತು.

"ಇನ್ನೊಂದ್ಸಲ ಮಿಸ್..."

"ಇನ್ನೊಂದ್ಸಲ ಬರೋ ವರ್ಷ ಕಣೇ," ಎಂದು ಮೇಡಂ ನನ್ನತ್ತ ತಿರುಗಿದರು. "ಔಟ್ ಕೊಡಿ ಸಾರ್."

ಕೊಟ್ಟೆ. ಅಲ್ಲಿಗೆ ಅವರು ಸೋತರು.

ಆಸ್ಪತ್ರೆಗೆ ಹೋಗಲು ಆಟೋ ಬರುವಷ್ಟರಲ್ಲಿ ಮೇಡಂ ಅದೇ ಎಳನೀರನ್ನು ಕೊಚ್ಚಿಸಿ ಹುಡುಗಿಯ ಬಾಯಿಗೆ ಹಿಡಿದರು. ಅವಳು ಮುಖ ತಿರುಗಿಸಿದಳು.

"ಕುಡಿಯವ್ವ. ಕುಡಿದು ಆಮೇಲೆ ನನ್ನ ಬೈಯೀವಂತೆ."

ಆಟೋ ಬಂದರೂ ಮೇಡಂ ಕೈ ಇಳಿಸಲಿಲ್ಲ. ಕೊನೆಗೆ ಹುಡುಗಿ ಕುಡಿದಳು. ಅವರು ಹೊರಟ ಮೇಲೆ ನಾನು ಮೈದಾನದಲ್ಲಿದ್ದ ಬೇಸ್ ಚೌಕಗಳನ್ನು ಎತ್ತಿ, ಮಣ್ಣು ಕೊಡವಿ, ಒಳಗಿಟ್ಟೆ.